ಮರಳ ಬಯಲಿನ ಹವ್ಯಾಸಿ

ಕ್ಯಾಮೆರಾ ಹಿಡಿದ ಹೊಸಬರನ್ನು ಮೊದಲು ಕಾಡುವುದು ಎಲ್ಲವನ್ನೂ ಚೌಕಟ್ಟಿನೊಳಗೆ ತುಂಬಿಕೊಳ್ಳುವ ಆಸೆ. ಗುಡಿಯ ಗೋಪುರ, ಎದುರಿನ ಮರ, ಸಾಲಾಗಿ ನಿಂತ ನೆಂಟರು, ಹಾರುವ ಪಾರಿವಾಳ: ಯಾವುದನ್ನು ಬಿಡಲೂ ಮನಸ್ಸು ಬಾರದು. ಬಿಡುವುದನ್ನು ಕಲಿಯುವುದೇ ಮಿನಿಮಲಿಸ್ಟ್ ಛಾಯಾಗ್ರಹಣದ ಅಭ್ಯಾಸ. ‘ಮಿನಿಮಲ್ ಆರ್ಟ್’ ಎಂಬ ಹೆಸರು ಕಲಾವಿಮರ್ಶೆಯಲ್ಲಿ ನೆಲೆಯೂರಿದ್ದು 1960ರ ದಶಕದಲ್ಲಿ. ಅದಕ್ಕೂ ಬಹಳ ಮೊದಲೇ ಜಪಾನಿನ ಸಣ್ಣ ಬಂದರು ಪಟ್ಟಣವೊಂದರಲ್ಲಿ ಶೋಜಿ ಉಎದಾ ಈ ಪಾಠವನ್ನು ತಮ್ಮಷ್ಟಕ್ಕೆ ತಾವೇ ಕಲಿಯತೊಡಗಿದ್ದರು.

1913ರಲ್ಲಿ ಸಕೈಮಿನಾಟೊದಲ್ಲಿ ಹುಟ್ಟಿದ ಉಎದಾ, 1932ರಲ್ಲಿ ಟೋಕಿಯೊಗೆ ಹೋಗಿ ಅಲ್ಪಕಾಲ ಛಾಯಾಗ್ರಹಣ ಕಲಿತು, ಊರಿಗೆ ಮರಳಿ ಸ್ಟುಡಿಯೋ ತೆರೆದರು. ಅದು ಹೊಟ್ಟೆಪಾಡು. ಅದರ ಭಾರವನ್ನು ಪತ್ನಿ ನೋರಿಯೆ ಹಂಚಿಕೊಂಡದ್ದರಿಂದ ಮನಸ್ಸಿಗೊಪ್ಪಿದ ಚಿತ್ರಗಳಿಗೆ ಅವರಿಗೆ ಬಿಡುವು ಸಿಕ್ಕಿತು. ಟೋಕಿಯೊದಲ್ಲಿ ನೆಲೆಸಲು ಅವರು ಬಯಸಲಿಲ್ಲ. ಕೀರ್ತಿ ಬಂದ ಮೇಲೂ ತಮ್ಮನ್ನು ಹವ್ಯಾಸಿಯೆಂದೇ ಕರೆದುಕೊಂಡರು.

1939ರ ಅವರ ಒಂದು ಚಿತ್ರದಲ್ಲಿ ನಾಲ್ವರು ಹುಡುಗಿಯರು ಮರಳತೀರದಲ್ಲಿ ನಾಲ್ಕು ಭಂಗಿಗಳಲ್ಲಿದ್ದಾರೆ. ಯುದ್ಧ ಮುಗಿದ ಬಳಿಕ, 1949ರಲ್ಲಿ, ತಮ್ಮ ಕುಟುಂಬವನ್ನೇ ಅವರು ಹಾಗೆ ಮರಳಿನ ಮೇಲೆ ಸಾಲಾಗಿ ನಿಲ್ಲಿಸಿದರು. ಒಬ್ಬರ ಮೈ ಇನ್ನೊಬ್ಬರನ್ನು ಮರೆಮಾಡುವುದಿಲ್ಲ. ಹಿಂದೆ ಮನೆಯಿಲ್ಲ, ಮರವಿಲ್ಲ, ಬರಿಯ ಆಕಾಶ. ಆ ತೆರವಿನಿಂದಾಗಿ ಒಬ್ಬೊಬ್ಬರ ನಿಲುವೂ ಎದ್ದು ಕಾಣುತ್ತದೆ. ಸುಮಾರು 16 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ತೊತ್ತೊರಿಯ ಮರಳದಿಬ್ಬಗಳೂ ಅವರ ಪಾಲಿಗೆ ಪ್ರಕೃತಿಯೇ ಇಳಿಬಿಟ್ಟ ಸ್ಟುಡಿಯೋ ಪರದೆಯಾದವು. ಅಲ್ಲಿ ದೂರ–ಹತ್ತಿರಗಳ ಅಳತೆ ತಪ್ಪುತ್ತದೆ. ಒಂದು ಕೊಡೆ, ಒಂದು ಟೋಪಿ ಸಹ ಇಡೀ ದೃಶ್ಯವನ್ನು ಹೊರಬಲ್ಲದು.

ಆದರೆ ಕಾಲ ಅವರ ಪರವಾಗಿರಲಿಲ್ಲ. 1949ರಲ್ಲಿ ಉಎದಾರ ಜೊತೆ ಅದೇ ದಿಬ್ಬಗಳಲ್ಲಿ ಚಿತ್ರ ತೆಗೆದಿದ್ದ ಕೆನ್ ದೊಮೊನ್, ಮರುವರ್ಷದಿಂದ ‘ಕ್ಯಾಮೆರಾ’ ಪತ್ರಿಕೆಯ ಸ್ಪರ್ಧೆಗಳ ತೀರ್ಪುಗಾರರಾಗಿ ವಾಸ್ತವವಾದವನ್ನು ಪ್ರತಿಪಾದಿಸಿದರು: ಜೋಡಿಸಿ ನಿಲ್ಲಿಸಿದ ಚಿತ್ರ ಸಲ್ಲದು, ಬದುಕನ್ನು ಇದ್ದಂತೆಯೇ ಹಿಡಿಯಬೇಕು. ನಾಡಿನ ಹವ್ಯಾಸಿಗಳು ಅತ್ತ ವಾಲಿದರು. ದೊಮೊನ್ ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಸೋತು ಸುಟ್ಟ ದೇಶದಲ್ಲಿ ಕ್ಯಾಮೆರಾ ಬೀದಿಯತ್ತ ತಿರುಗಬೇಕೆಂಬುದು ನ್ಯಾಯವಾದ ಬೇಡಿಕೆ. ಮುಂದೆ 1958ರಲ್ಲಿ ಬಂದ ಅವರ ಹಿರೋಶಿಮಾ ಚಿತ್ರಗಳ ಪುಸ್ತಕವೇ ಅದಕ್ಕೆ ಸಾಕ್ಷಿ. ಅಂಥ ಕಾಲದಲ್ಲಿ ಖಾಲಿ ಮರಳು ಪಲಾಯನದಂತೆ ಕಂಡಿರಬಹುದು.

ಉಎದಾ ವಾದಕ್ಕಿಳಿಯಲಿಲ್ಲ. ದಿಬ್ಬದ ನಾಟಕಗಳನ್ನು ಬದಿಗಿಟ್ಟು, ತಮ್ಮ ಸೀಮೆಯ ಹಳ್ಳಿಮಕ್ಕಳನ್ನು ವರ್ಷಗಟ್ಟಲೆ ಚಿತ್ರಿಸಿದರು. 1971ರಲ್ಲಿ ಅವು ‘ವಾರಾಬೆಗೊಯೋಮಿ’, ಎಂದರೆ ‘ಮಕ್ಕಳ ಪಂಚಾಂಗ’, ಎಂಬ ಪುಸ್ತಕವಾದವು. ಋತುಮಾನಗಳ ನಡುವೆ, ವಿಸ್ತಾರವಾದ ಬಯಲಿನಲ್ಲಿ ಪುಟ್ಟ ಮಕ್ಕಳು. ನಿಜವಾದ ಬದುಕೂ ಇದೆ, ತೆರವೂ ಇದೆ. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಾಗಿ ಬರಲಿಲ್ಲ. ಮಾರುಕಟ್ಟೆಯ ಹಂಗಿದ್ದರೆ ಇಷ್ಟು ನಿಧಾನ ಸಾಧ್ಯವಾಗುತ್ತಿತ್ತೇ?

1983ರಲ್ಲಿ ನೋರಿಯೆ ತೀರಿಕೊಂಡರು. ಕುಗ್ಗಿಹೋದ ಉಎದಾರನ್ನು, ಕಲಾ ನಿರ್ದೇಶಕನಾಗಿದ್ದ ಮಗ ಉಡುಪುಗಳ ಜಾಹೀರಾತು ಚಿತ್ರಗಳಿಗಾಗಿ ದಿಬ್ಬಗಳಿಗೆ ಮರಳಿ ಕರೆತಂದ. ಎಪ್ಪತ್ತರ ವಯಸ್ಸಿನಲ್ಲಿ ಹಳೆಯ ಮರಳು ಅವರಿಗೆ ಮತ್ತೆ ದಕ್ಕಿತು. 1995ರಲ್ಲಿ ದೈಸೆನ್ ಪರ್ವತದ ಸೀಮೆಯಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು. 2000ದಲ್ಲಿ ಅವರು ನಿಧನರಾದರು.

ಮುಂಬಯಿ, ಚೆನ್ನೈಗಳ ಸಂದಣಿಯಲ್ಲಿ ವಾಸಿಸುವ ನಮಗೆ ತೊತ್ತೊರಿಯ ದಿಬ್ಬಗಳಿಲ್ಲ. ಇಳಿತದ ಹೊತ್ತಿನ ಕಡಲತೀರವಿದೆ, ಮಳೆಗಾಲದ ಬೂದುಬಾನಿದೆ, ಸುಣ್ಣ ಬಳಿದ ಗೋಡೆಯಿದೆ. ಮೊದಲು ಹಿನ್ನೆಲೆಯನ್ನು ಆರಿಸಿ, ಆಮೇಲೆ ವಸ್ತುವಿಗಾಗಿ ಕಾಯುವುದು. ಆಕೃತಿಗಳು ಒಂದರ ಮೇಲೊಂದು ಬೀಳದಂತೆ ಎರಡು ಹೆಜ್ಜೆ ಸರಿಯುವುದು. ಕ್ಲಿಕ್ಕಿಸುವ ಮುನ್ನ ಚೌಕಟ್ಟಿನ ನಾಲ್ಕು ಅಂಚುಗಳನ್ನೂ ನೋಡುವುದು. ಇಷ್ಟು ಅಭ್ಯಾಸಕ್ಕೆ ಕೈಯಲ್ಲಿರುವ ಮೊಬೈಲೇ ಸಾಕು. ಉಳಿದದ್ದಕ್ಕೆ ಬೇಕಾದುದು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹವ್ಯಾಸಿಯಾಗಿಯೇ ಉಳಿದ ಆ ಮನುಷ್ಯನ ತಾಳ್ಮೆ.