ತಾಮ್ರದ ನೀರಿನ ಕೊಳವೆ

ತಾಮ್ರದ ನೀರಿನ ಕೊಳವೆಗಳು ಕಟ್ಟಡಗಳ ಒಳಗೆ ಕುಡಿಯುವ ನೀರನ್ನು ಸಾಗಿಸಲು ಬಳಸುವ ಲೋಹದ ಕೊಳವೆಗಳು. ಬ್ರಿಟನ್ ಹಾಗೂ ಅಮೆರಿಕದ ಮನೆಗಳಲ್ಲಿ ಇವುಗಳ ಬಳಕೆ ವ್ಯಾಪಕವಾಗಿದೆ.

ಕೊಳವೆಯ ಒಳಮೈಯಲ್ಲಿ ಕಾಲಕ್ರಮೇಣ ಕಟ್ಟಿಕೊಳ್ಳುವ ತೆಳುವಾದ ಪದರವು ಲೋಹವನ್ನು ರಕ್ಷಿಸುತ್ತದೆ. ನೀರು ಆಮ್ಲೀಯವಾಗಿದ್ದರೆ ಈ ಪದರವು ನಿಲ್ಲದೆ ತಾಮ್ರವು ನೀರಿನಲ್ಲಿ ಕರಗುತ್ತದೆ. ಹುಳಿ ಪದಾರ್ಥಗಳಿಗಾಗಿ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಹಿಂದಿನವರ ಎಚ್ಚರಕ್ಕೂ ಇದೇ ಕಾರಣ. ನಲ್ಲಿಯ ಕೆಳಗಿನ ನೀಲಿ-ಹಸಿರು ಕಲೆ ಇದರ ಗುರುತು. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರಿನಲ್ಲಿ ತಾಮ್ರದ ಅಂಶ ಹೆಚ್ಚಾಗಿರುವುದರಿಂದ ಬೆಳಗಿನ ಮೊದಲ ನೀರನ್ನು ಕುಡಿಯದೆ ಹರಿಯಬಿಡಬೇಕು. ಬಿಸಿನೀರಿನ ನಲ್ಲಿಯ ನೀರನ್ನು ಅಡುಗೆಗೆ, ವಿಶೇಷವಾಗಿ ಶಿಶುಗಳ ಆಹಾರಕ್ಕೆ, ಬಳಸಬಾರದು.

ತಾಮ್ರವು ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ಅಗತ್ಯವಾದ ಧಾತು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಪ್ರಮಾಣ ಹೆಚ್ಚಾದರೆ ವಾಕರಿಕೆ, ವಾಂತಿ, ಹೊಟ್ಟೆನೋವು ಉಂಟಾಗಬಹುದು. ವಿಲ್ಸನ್ ಕಾಯಿಲೆ ಇರುವವರ ಯಕೃತ್ತಿನಲ್ಲಿ ತಾಮ್ರ ಸಂಗ್ರಹವಾಗುವುದರಿಂದ ಅವರು ಹೆಚ್ಚು ಜಾಗ್ರತೆ ವಹಿಸಬೇಕಾಗುತ್ತದೆ.

ಹಳೆಯ ಮನೆಗಳಲ್ಲಿ ಕೊಳವೆಗಿಂತ ಅದರ ಬೆಸುಗೆಯೇ ಹೆಚ್ಚು ಅಪಾಯಕಾರಿ. ಹಿಂದೆ ಕೊಳವೆಗಳನ್ನು ಸೀಸ ಬೆರೆತ ಬೆಸುಗೆಯಿಂದ ಜೋಡಿಸಲಾಗುತ್ತಿತ್ತು; ಕುಡಿಯುವ ನೀರಿನ ಕೊಳವೆಗಳಿಗೆ ಅದನ್ನು ಬಳಸುವುದನ್ನು ಅಮೆರಿಕವು 1986ರ ಕಾನೂನು ತಿದ್ದುಪಡಿಯ ಮೂಲಕ ನಿಷೇಧಿಸಿತು. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಸೀಸವು ನೀರಿನಲ್ಲಿ ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಕುದಿಸಿದರೂ ಹೋಗದು. ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ಅದನ್ನು ಪತ್ತೆಹಚ್ಚಬಹುದು.