ಕಾರಿಗೊಂದು ಕಾಗದ, ಮನುಷ್ಯನಿಗೊಂದು ಕಾಗದ

ಪರದೇಶದಲ್ಲಿ ನಾವೇ ಕಾರು ಓಡಿಸಿಕೊಂಡು ಸುತ್ತಬೇಕೆಂದರೆ ಭಾರತೀಯರಿಗೆ ಸಾಮಾನ್ಯವಾಗಿ ಮೂರು ಕಾಗದ ಬೇಕಾಗುತ್ತವೆ: ಪಾಸ್‌ಪೋರ್ಟ್, ವೀಸಾ ಮತ್ತು ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಮೊದಲೆರಡನ್ನು ನೆನೆದರೇ ಎಲ್ಲರಿಗೂ ಆತಂಕ. ಮೂರನೆಯದನ್ನು ಯಾರೂ ಬಿಡಿಸಿ ಓದುವುದಿಲ್ಲ. ಆರ್‌ಟಿಒದಲ್ಲಿ ಸಾವಿರ ರೂಪಾಯಿ ಶುಲ್ಕ ಕಟ್ಟಿ ಪಡೆದು, ಬ್ಯಾಗಿನ ಒಂದು ಮೂಲೆಗೆ ಸೇರಿಸಿಬಿಡುತ್ತೇವೆ. ಚರಿತ್ರೆಯ ವಿದ್ಯಾರ್ಥಿನಿಯಾದ ನನಗೆ ಮಾತ್ರ ಈಚೆಗೆ ಆ ಮೂರನೆಯ ಕಾಗದವೇ ಹೆಚ್ಚು ಮಾತಾಡುತ್ತಿದೆ.

ಬೆಂಗಳೂರಿನಲ್ಲಿರುವ ಅಕ್ಕ, ಭಾವ ಜಪಾನಿನ ಹೊಕ್ಕೈಡೊದಲ್ಲಿ ಹತ್ತು ದಿನ ಬಾಡಿಗೆ ಕಾರಿನಲ್ಲಿ ತಿರುಗುವ ಯೋಚನೆ ಹಾಕಿದ್ದಾರೆ. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ ಎಂಬುದು ಭಾವನ ಧೈರ್ಯ. "ನೀನು ಹೆಂಗೂ ದಿನಾ ಹಳೇ ಕಾಗದ ಓದ್ತಾ ಕೂತಿರ್ತೀಯಲ್ಲ, ಇವನ್ನೂ ಓದಿ ಹೇಳು ಮಾರಾಯ್ತಿ" ಎಂದು ಅಕ್ಕ ನಿಯಮಗಳ ಪಟ್ಟಿಯನ್ನು ನನಗೆ ದಾಟಿಸಿದಳು. ಜಪಾನು 1949ರ ಜಿನೀವಾ ಒಪ್ಪಂದದ ಮಾದರಿಯ ಪರವಾನಗಿಯನ್ನಷ್ಟೇ ಒಪ್ಪುತ್ತದೆ ಎಂಬ ಸಾಲು ಆ ಪಟ್ಟಿಯಲ್ಲಿತ್ತು. ಅಷ್ಟು ಹಳೆಯ ಇಸವಿಗೂ ಇವತ್ತಿನ ರಜೆಯ ಪ್ರವಾಸಕ್ಕೂ ಏನು ನಂಟು ಎಂದು ಹುಡುಕುತ್ತಾ ಹೋದರೆ ದಾರಿ ಇನ್ನೂ ಹಿಂದಕ್ಕೆ, 1909ರ ಪ್ಯಾರಿಸ್ಸಿಗೆ ಹೋಯಿತು.

ಆಗ ಮೋಟಾರು ಕಾರು ಸಿರಿವಂತರ ಹೊಸ ಗೀಳು. ಯುರೋಪಿನಲ್ಲಿ ಅರ್ಧ ದಿನ ಓಡಿಸಿದರೆ ಒಂದು ಗಡಿ ಎದುರಾಗುತ್ತಿತ್ತು. ಒಂದೊಂದು ದೇಶದ್ದು ಒಂದೊಂದು ನಿಯಮ. ಈ ತೊಡಕು ಬಿಡಿಸಲು 1909ರ ಅಕ್ಟೋಬರ್ 11ರಂದು ಪ್ಯಾರಿಸ್ಸಿನಲ್ಲಿ ಒಂದು ಒಪ್ಪಂದವಾಯಿತು. ಕಾರಿಗೂ ಚಾಲಕನಿಗೂ ಸೇರಿ ಒಂದೇ ಅಂತರರಾಷ್ಟ್ರೀಯ ಪ್ರಮಾಣಪತ್ರ, ಅದಕ್ಕೆ ಒಂದು ವರ್ಷದ ಆಯಸ್ಸು. ಕಾರಿನ ಹಿಂಬದಿಗೆ ದೇಶದ ಗುರುತಿನ ಅಕ್ಷರ ಬರೆದ ಮೊಟ್ಟೆಯಾಕಾರದ ಫಲಕ. ರಸ್ತೆಯ ಬದಿಗೆ ನಾಲ್ಕೇ ನಾಲ್ಕು ಎಚ್ಚರಿಕೆಯ ಚಿಹ್ನೆಗಳು: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು. ಭಾಷೆ ಬಾರದವನಿಗೂ ಅರ್ಥವಾಗುವ ರಸ್ತೆಬದಿಯ ಚಿತ್ರಲಿಪಿಗೆ ದೇಶದೇಶಗಳು ಕೂಡಿ ಸಹಿ ಹಾಕಿದ್ದು ಹೀಗೆ.

ಇಲ್ಲೊಂದು ಸೋಜಿಗವಿದೆ. ಆ ಕಾಲದಲ್ಲಿ ಕಾರಿಗೆ ಕಾಗದ ಬೇಕಿತ್ತು, ಆದರೆ ಪಶ್ಚಿಮ ಯುರೋಪಿನ ಬಹುತೇಕ ಗಡಿಗಳಲ್ಲಿ ಕಾರಿನೊಳಗೆ ಕೂತವನಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ರಷ್ಯಾ, ಆಟೊಮನ್ ಸಾಮ್ರಾಜ್ಯಗಳಂಥವು ಇದಕ್ಕೆ ಹೊರತಾಗಿದ್ದವು. 1914ರಲ್ಲಿ ಯುದ್ಧ ಬಂತು. ಗೂಢಚಾರರ ಭಯಕ್ಕೆ, ಸೈನ್ಯಕ್ಕೆ ಸೇರಬೇಕಾದವರು ಜಾರಿಕೊಂಡಾರೆಂಬ ಚಿಂತೆಗೆ, ಸರ್ಕಾರಗಳು ಗಡಿಯಲ್ಲಿ ಮನುಷ್ಯರ ಗುರುತು ಕೇಳತೊಡಗಿದವು. ಯುದ್ಧ ಮುಗಿದರೂ ಕೇಳುವುದು ನಿಲ್ಲಲಿಲ್ಲ. 1920ರಲ್ಲಿ ರಾಷ್ಟ್ರಸಂಘ ಪ್ಯಾರಿಸ್ಸಿನಲ್ಲಿ ನಡೆಸಿದ ಸಮ್ಮೇಳನವು ಪಾಸ್‌ಪೋರ್ಟಿಗೆ 32 ಪುಟಗಳ ಒಂದು ಏಕರೂಪ ಕೊಟ್ಟಿತು. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲೂ, ಪಾಸ್‌ಪೋರ್ಟ್ ಇಲ್ಲದೆ ಒಳಬರುವುದನ್ನು ತಡೆಯುವ ಕಾಯ್ದೆ ಬಂತು. ಬ್ರಿಟಿಷರು ಹೋದ ಮೇಲೂ ಆ ಕಾಯ್ದೆ ಹೋಗಲಿಲ್ಲ, 2025ರವರೆಗೆ ಉಳಿಯಿತು.

1926ರ ವಸಂತದಲ್ಲಿ ಈ ಎರಡೂ ಕಾಗದಗಳ ಕಥೆ ಅಕ್ಕಪಕ್ಕ ಬಂದು ನಿಲ್ಲುತ್ತದೆ. ಏಪ್ರಿಲ್ 24ರಂದು ಪ್ಯಾರಿಸ್ಸಿನಲ್ಲಿ ಮೋಟಾರು ಸಂಚಾರದ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಅದು ಕಾರಿನ ಪ್ರಮಾಣಪತ್ರದಿಂದ ಚಾಲಕನ ಪರವಾನಗಿಯನ್ನು ಬೇರೆ ಮಾಡಿತು. ಅಂದರೆ ನನ್ನ ಕಾರು ಮನೆಯಲ್ಲೇ ಇದ್ದರೂ ಓಡಿಸುವ ನನ್ನ ಕೌಶಲಕ್ಕೆ ಬೇರೆ ದೇಶದಲ್ಲಿ ಮಾನ್ಯತೆ ಸಿಗಬಹುದು. ಇಂದಿನ ಬಾಡಿಗೆ ಕಾರಿನ ಪ್ರವಾಸ ನಿಂತಿರುವುದು ಈ ಬೇರ್ಪಡಿಕೆಯ ಮೇಲೆ. ಮೂರು ವಾರ ಕಳೆಯುವುದರೊಳಗೆ, ಮೇ ತಿಂಗಳಲ್ಲಿ, ಜಿನೀವಾದಲ್ಲಿ ಪಾಸ್‌ಪೋರ್ಟ್ ಸಮ್ಮೇಳನ ಕೂಡಿತು. ಪಾಸ್‌ಪೋರ್ಟನ್ನೇ ತೆಗೆದುಹಾಕಬಹುದೇ ಎಂಬ ಪ್ರಶ್ನೆ ಅದರ ಮುಂದಿತ್ತು. ಸದ್ಯಕ್ಕೆ ಆಗದು ಎಂಬ ತೀರ್ಮಾನದೊಂದಿಗೆ ಸಭೆ ಮುಗಿಯಿತು. ಆ 'ಸದ್ಯಕ್ಕೆ' ಇನ್ನೂ ಮುಗಿದಿಲ್ಲ.

ಎರಡನೆಯ ಮಹಾಯುದ್ಧದ ನಂತರ, 1949ರ ಸೆಪ್ಟೆಂಬರ್ 19ರಂದು, ಜಿನೀವಾದಲ್ಲಿ ರಸ್ತೆ ಸಂಚಾರದ ಮತ್ತೊಂದು ಒಪ್ಪಂದ ಸಿದ್ಧವಾಯಿತು. ಪರವಾನಗಿಯ ರಟ್ಟು ಬೂದು ಬಣ್ಣದ್ದಿರಬೇಕು, ಒಳಹಾಳೆ ಬಿಳಿ ಇರಬೇಕು, ವಿವರಗಳನ್ನು ಲ್ಯಾಟಿನ್ ಅಕ್ಷರಗಳಲ್ಲಿ ಬರೆಯಬೇಕು ಎಂಬುದನ್ನೂ ಅದು ಬಿಡದೆ ಹೇಳಿದೆ. ಮಾನ್ಯತೆ ಒಂದು ವರ್ಷ. ಭಾರತ ಈ ಒಪ್ಪಂದದಲ್ಲಿದೆ. ಜಪಾನು ಸೇರಿದ್ದು 1964ರಲ್ಲಿ, ಟೋಕಿಯೊ ಒಲಿಂಪಿಕ್ಸಿನ ವರ್ಷ. 1968ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಒಪ್ಪಂದವಾಗಿ, ಅದರ ಪರವಾನಗಿಗೆ ಮೂರು ವರ್ಷದವರೆಗೆ ಆಯಸ್ಸು ಸಿಕ್ಕಿತು. ಜರ್ಮನಿ ಅದನ್ನು ಒಪ್ಪಿತು. ಭಾರತ, ಜಪಾನು ಒಪ್ಪಲಿಲ್ಲ.

ಇದರ ಪರಿಣಾಮ ಹೊಕ್ಕೈಡೊದ ಬಾಡಿಗೆ ಕಾರಿನ ಕೌಂಟರಿನಲ್ಲಿ ಕಾಣಿಸುತ್ತದೆ. ಜರ್ಮನಿಯ ಪ್ರವಾಸಿ 90 ದಿನಗಳವರೆಗಿನ ಪ್ರವಾಸಕ್ಕೆ ವೀಸಾ ಇಲ್ಲದೆ ಜಪಾನಿಗೆ ಬರಬಹುದು. ಆದರೆ ಅವನ ದೇಶದ ಅಂತರರಾಷ್ಟ್ರೀಯ ಪರವಾನಗಿ ಅಲ್ಲಿ ನಡೆಯದು. ಊರಿನ ಲೈಸೆನ್ಸಿನ ಜೊತೆ ಅದರ ಜಪಾನಿ ಅನುವಾದ ತೋರಿಸಬೇಕು. ನನ್ನ ಭಾವನ ಪರವಾನಗಿ ಅಲ್ಲಿ ಸಲೀಸಾಗಿ ನಡೆಯುತ್ತದೆ. ಆದರೆ ಆ ಕೌಂಟರು ಮುಟ್ಟುವ ಮೊದಲು ವೀಸಾ ಪಡೆಯಬೇಕು. ಅದಕ್ಕೆ ಯಾವ ದಿನ ಎಲ್ಲಿ ತಂಗುತ್ತೀರಿ ಎಂಬ ಪಟ್ಟಿ, ಖರ್ಚಿಗೆ ಹಣವಿದೆ ಎಂಬುದಕ್ಕೆ ಪುರಾವೆ. ಅವರಲ್ಲಿ ಮನುಷ್ಯನ ಮೇಲೆ ನಂಬಿಕೆ, ಕಾಗದದ ಮೇಲೆ ತಕರಾರು. ನಮ್ಮಲ್ಲಿ ಕಾಗದದ ಮೇಲೆ ನಂಬಿಕೆ, ಮನುಷ್ಯನ ಮೇಲೆ ಅನುಮಾನ.

ಈ ಚರಿತ್ರೆ ಗೊತ್ತಿದ್ದರೆ ಬುಕಿಂಗಿನ ಕ್ರಮವೂ ತಾನಾಗಿ ತಿಳಿಯುತ್ತದೆ. ಮೊದಲು ನೋಡಬೇಕಾದದ್ದು ಹೋಗುವ ದೇಶ ಯಾವ ಒಪ್ಪಂದವನ್ನು ಮನ್ನಿಸುತ್ತದೆ ಎಂಬುದನ್ನು. ಚೀನಾದ ಮುಖ್ಯಭೂಮಿಯಲ್ಲಿ ಈ ಪರವಾನಗಿಗೆ ಬೆಲೆಯೇ ಇಲ್ಲ. ಪರವಾನಗಿ ಕೊಡುವುದು ನಮ್ಮ ದೇಶವೇ ಆದ್ದರಿಂದ ಹೊರಡುವ ಮೊದಲೇ ಪಡೆಯಬೇಕು. ವರ್ಷದ ಆಯಸ್ಸಿನದಾದ್ದರಿಂದ ತೀರಾ ಮೊದಲೇ ಪಡೆಯಬಾರದು. ಅದು ಊರಿನ ಲೈಸೆನ್ಸಿಗೆ ಜೊತೆಗಾರನೇ ಹೊರತು ಬದಲಿಯಲ್ಲ, ಹಾಗಾಗಿ ಮೂಲ ಲೈಸೆನ್ಸು ಕೈಯಲ್ಲಿರಲೇಬೇಕು. ವೀಸಾ ಕೈಗೆ ಬರುವವರೆಗೆ ಕಾರನ್ನೂ ಕೋಣೆಯನ್ನೂ ದಂಡವಿಲ್ಲದೆ ರದ್ದು ಮಾಡಬಹುದಾದ ಷರತ್ತಿನ ಮೇಲೆಯೇ ಕಾಯ್ದಿರಿಸುವುದು ಒಳ್ಳೆಯದು.

ಸ್ವಂತ ಚಾಲನೆಯ ಪ್ರವಾಸವನ್ನು ಜಾಹೀರಾತುಗಳು ಸ್ವಾತಂತ್ರ್ಯದ ಹೆಸರಿನಲ್ಲಿ ಮಾರುತ್ತವೆ. ಬೇಕಾದಲ್ಲಿ ನಿಲ್ಲಿಸಿ, ಬೇಕಾದತ್ತ ತಿರುಗಿಸಿ ಎನ್ನುತ್ತವೆ. ಆ ಮಾತು ಸುಳ್ಳಲ್ಲ, ಆದರೆ ಅದು ನಿಜವಾಗುವುದು ಗಡಿ ದಾಟಿದ ಮೇಲೆ. ಸ್ಟೀರಿಂಗ್ ಹಿಡಿದ ಕೈಯನ್ನು ನಂಬಲು ದೇಶಗಳು 1909ರಲ್ಲೇ ಕೂತು ಮಾತಾಡಿದವು, ಮತ್ತೆ ಮತ್ತೆ ಕೂತು ಅದನ್ನು ತಿದ್ದಿದವು. ಆ ಕೈ ಯಾರದ್ದೋ ಅವರನ್ನು ನಂಬುವ ಮಾತು ಮಾತ್ರ 1926ರ ಮೇ ತಿಂಗಳಲ್ಲಿ ಮುಂದಕ್ಕೆ ಹೋದದ್ದು, ಹಾಗೇ ಉಳಿದಿದೆ.