ಕಾಫಿಸೀಮೆಯಲ್ಲಿ ಕಿರಿಯರ ಸಂಶೋಧನೆ

ವಿದ್ಯೆಯ ಸೋಪಾನದಲ್ಲಿ ಸಂಶೋಧನೆಯು ಕಟ್ಟಕಡೆಯ ಮೆಟ್ಟಿಲೆಂದೂ, ಬಿ.ಎ., ಎಂ.ಎ.ಗಳನ್ನು ದಾಟಿ ಬಂದವರಲ್ಲದೆ ಇತರರಿಗೆ ಅದರ ಮೇಲೆ ಕಾಲಿಡುವ ಅಧಿಕಾರವಿಲ್ಲವೆಂದೂ ನಮ್ಮಲ್ಲಿ ಒಂದು ಭಾವನೆ ಬೇರೂರಿ ನಿಂತಿದೆ. ಕಲಿಸುವವನು ತಾನು ಕಲಿತು ಮುಗಿಸಿದವನೇ ಆಗಿರಬೇಕೆಂಬ ಇನ್ನೊಂದು ಭಾವನೆಯೂ ಇದರೊಡನೆಯೇ ಬೆಳೆದುಬಂದಿದೆ. ಇವೆರಡೂ ಎಷ್ಟು ಅರ್ವಾಚೀನವಾದುವು, ಮತ್ತು ನೆಲದ ಅನುಭವಕ್ಕೆ ಎಷ್ಟು ದೂರವಾದುವು ಎಂಬುದನ್ನು ಅರಿಯಬೇಕಾದರೆ, ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಸೀಮೆಯಲ್ಲಿ ವಿದ್ಯೆಯು ಯಾರಿಂದ ಯಾರಿಗೆ ಹೇಗೆ ಸಂದಿತು ಎಂಬ ವೃತ್ತಾಂತವನ್ನು ಅವಲೋಕಿಸುವುದು ಉಚಿತವಾದೀತು. ಪಂಡಿತರೆನಿಸಿಕೊಳ್ಳದವರು ಇಲ್ಲಿ ಅನೇಕ ಸಂಗತಿಗಳನ್ನು ಕಂಡುಹಿಡಿದರು. ಪಾರಂಗತರಾಗದವರು ತಮಗಿಂತ ಕಿರಿಯರ ಕೈಹಿಡಿದು ನಡೆಸಿದರು.

ತುಂಗೆಯ ತೀರದ ಶೃಂಗೇರಿಯಲ್ಲಿಯೂ ಭದ್ರೆಯ ತೀರದ ಕಳಸದಲ್ಲಿಯೂ ದೇವಾಲಯ ಮಠಗಳ ಆಶ್ರಯದಲ್ಲಿ ನಡೆದುಬಂದ ಪಾಠಕ್ರಮದಲ್ಲಿ ಗುರುವಿನ ಸ್ಥಾನ ಪರಮೋಚ್ಚವಾದುದಾಗಿದ್ದರೂ, ದಿನದಿನದ ಆವೃತ್ತಿಯನ್ನು ಹೇಳಿಸುತ್ತಿದ್ದವನು ಬಹುಮಟ್ಟಿಗೆ ಮುಂದಿನ ಪಾಠದ ಹಿರಿಯ ವಿದ್ಯಾರ್ಥಿಯೇ. ಗ್ರಾಮಗಳ ಐಗಳ ಮಠ, ಕೂಲಿಮಠಗಳಲ್ಲಿಯೂ ಇದೇ ರೀತಿ. ಐಗಳು ಒಬ್ಬರು, ಹುಡುಗರು ಹಲವರು. ಮಗ್ಗಿ ಬಲ್ಲವನು ಬಾರದವನಿಗೆ ಹೇಳಿಕೊಡುವನು, ಮರಳಿನ ಮೇಲೆ ಅಕ್ಷರ ತಿದ್ದಿ ಮುಗಿಸಿದವನು ಹೊಸಬನ ಬೆರಳನ್ನು ಹಿಡಿದು ತಿದ್ದಿಸುವನು. 1623ರ ನವೆಂಬರಿನಲ್ಲಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಘಟ್ಟವನ್ನೇರಿ ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆಯು ಮಾರ್ಗಮಧ್ಯದ ದೇವಾಲಯವೊಂದರ ಮುಖಮಂಟಪದಲ್ಲಿ ನಾಲ್ವರು ಬಾಲಕರು ನುಣುಪಾದ ಮರಳನ್ನು ಹರಡಿಕೊಂಡು, ರಾಗವಾಗಿ ಹೇಳುತ್ತ, ಹೇಳಿದುದನ್ನು ಬೆರಳಿನಿಂದ ಬರೆಯುತ್ತ, ಲೆಕ್ಕವನ್ನು ಕಲಿಯುತ್ತಿದ್ದುದನ್ನು ನೋಡಿ ಬೆರಗಾದನು. ಅಲ್ಲಿ ಉಪಾಧ್ಯಾಯನಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಅವನು ಕೇಳಿದಾಗ, ನಾಲ್ವರೂ ಒಟ್ಟಿಗೆ ಒಂದೇ ಅಂಶವನ್ನು ಮರೆಯುವುದು ಸಂಭವಿಸದೆಂಬ ಅಭಿಪ್ರಾಯದ ಉತ್ತರ ಬಂದಿತೆಂದು ಅವನ ಪ್ರವಾಸಲೇಖನ ತಿಳಿಸುತ್ತದೆ. ಮಲೆನಾಡಿನ ವಿದ್ಯಾಭ್ಯಾಸದ ವಿಷಯದಲ್ಲಿ ನಮಗೆ ದೊರೆತಿರುವ ಪ್ರತ್ಯಕ್ಷ ಸಾಕ್ಷ್ಯಗಳಲ್ಲಿ ಇದಕ್ಕಿಂತ ಸ್ವಾರಸ್ಯವಾದುದು ವಿರಳ.

ಇದಾದ ಒಂದೂವರೆ ಶತಮಾನದ ಮೇಲೆ, 1789ರಲ್ಲಿ, ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿಯು ಮರಳಿನ ಮೇಲೆ ಬರೆಯುವ ದೇಶೀಯ ಶಾಲೆಯ ಪದ್ಧತಿಯನ್ನು ಕಂಡು, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮವೊಂದನ್ನು ರೂಪಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಗ್ರಂಥದಿಂದ ಅದು ‘ಮದರಾಸು ಪದ್ಧತಿ’ ಎಂದು ಪ್ರಸಿದ್ಧವಾಗಿ ಯುರೋಪಿನ ಶಾಲೆಗಳಲ್ಲಿ ಹಬ್ಬಿತು. ಆದರೆ ಸಮುದ್ರವನ್ನು ದಾಟುವಷ್ಟರಲ್ಲಿ ಅದರ ಸ್ವಭಾವವೇ ವ್ಯತ್ಯಸ್ತವಾಯಿತೆಂಬುದು ಗಮನಾರ್ಹ. ಬೆಲ್ಲನ ಶಾಲೆಯ ಹಿರಿಯ ಹುಡುಗನು ಮೇಲಿನವರ ಆಜ್ಞೆಯನ್ನು ಕೆಳಕ್ಕೆ ಮುಟ್ಟಿಸುವ ಮೇಸ್ತ್ರಿ. ಅವನಿಂದಾಗುವ ಪ್ರಯೋಜನ ವೆಚ್ಚದ ಉಳಿತಾಯ. ಇಕ್ಕೇರಿಯ ದಾರಿಯ ನಾಲ್ವರಾದರೋ ಪರಸ್ಪರರ ಜ್ಞಾಪಕಕ್ಕೆ ಆಧಾರವಾಗಿದ್ದವರು. ಅವರಲ್ಲಿ ಒಬ್ಬನಿಗೂ ಸಂಪೂರ್ಣವಾಗಿ ಬಾರದುದು ಒಟ್ಟಿಗೆ ಕುಳಿತಾಗ ಎಲ್ಲರಿಗೂ ಬರುತ್ತಿದ್ದಿತು. ಓದುವವರು ಓದುವವರಿಗೆ ನೆರವಾಗುವ ವ್ಯವಸ್ಥೆಗಳೆಲ್ಲವನ್ನೂ, ಇಂದಿನವನ್ನೂ ಸೇರಿಸಿ, ಈ ಎರಡು ಬಗೆಗಳಲ್ಲಿ ಒಂದಕ್ಕೆ ಸೇರಿಸಬಹುದಾಗಿದೆ.

ಕಾಫಿಯು ಈ ನಾಡನ್ನು ವ್ಯಾಪಿಸಿದ ಮೇಲೆ ಜ್ಞಾನದ ಪ್ರಶ್ನೆ ಹೊಸ ರೂಪವನ್ನು ತಾಳಿತು. ಬಾಬಾ ಬುಡನ್ ಅರಬ್ ದೇಶದಿಂದ ತಂದ ಏಳು ಬೀಜಗಳ ಐತಿಹ್ಯವನ್ನು ಚಂದ್ರದ್ರೋಣ ಪರ್ವತದ ಸೀಮೆಯಲ್ಲಿ ಅರಿಯದವರಿಲ್ಲ; 1830ರ ಸುಮಾರಿನಲ್ಲಿ ಆ ಪರ್ವತದ ದಕ್ಷಿಣದ ಎತ್ತರಗಳಲ್ಲಿ ಕ್ಯಾನನ್ ಎಂಬಾತನು ತೋಟವನ್ನೆಬ್ಬಿಸಿದಂದಿನಿಂದ ಕಾಡು ಕಡಿದು ಕಾಫಿ ಹಾಕುವ ಉದ್ಯಮ ಭರದಿಂದ ಸಾಗಿತು. 1860ರ ದಶಕದಲ್ಲಿ ಕಾಂಡಕೊರಕ ಹುಳುವು ತೋಟ ತೋಟಗಳನ್ನೇ ಒಣಗಿಸಿಬಿಟ್ಟಾಗ, ಅದರ ವಿಚಾರಣೆಗೆಂದು ಸರ್ಕಾರವು ಕಳುಹಿಸಿದವನು ಜಾರ್ಜ್ ಬೀಡಿ ಎಂಬ ವೈದ್ಯ. 1869ರ ಅವನ ವರದಿಯು ಬಿಸಿಲಿಗೆ ಬಯಲಾದ ಗಿಡಗಳಲ್ಲಿ ಹುಳುವಿನ ಬಾಧೆ ಹೆಚ್ಚೆಂಬುದನ್ನು ಪ್ರತಿಪಾದಿಸಿ ನೆರಳಿನ ಆವಶ್ಯಕತೆಯನ್ನು ಒತ್ತಿ ಹೇಳಿತು. ಅದೇ ಸುಮಾರಿಗೆ ಎಲೆತುಕ್ಕು ರೋಗವೂ ಸಿಂಹಳದಿಂದ ಇತ್ತ ಬಂದಿತು. ಮನುಷ್ಯರ ರೋಗಕ್ಕೆ ಮದ್ದು ಕೊಡುವವನು ಗಿಡದ ಹುಳುವನ್ನು ಪರೀಕ್ಷಿಸಿದನು. ಮರದ ನೆರಳಿನ ಲೆಕ್ಕವನ್ನು ಬಲ್ಲವನು ಕೊಂಬೆ ಸವರಿ ಮರಗಸಿ ಮಾಡುವ ಆಳು. ಕಾಫಿಯನ್ನು ಅರಳಿಸುವ ಹೂಮಳೆಯ ಹದವನ್ನು ಬಲ್ಲವನು ಹಳ್ಳಿಯ ಒಕ್ಕಲಿಗ. ಕಾಫಿಯ ಪ್ರಶ್ನೆಗೆ ಯಾವ ಒಂದು ಶಾಸ್ತ್ರದಲ್ಲಿಯೂ ಪೂರ್ಣ ಉತ್ತರವಿಲ್ಲವೆಂಬುದು ಈ ಸೀಮೆಗೆ ಆಗಲೇ ಮನವರಿಕೆಯಾಗಿದ್ದಿತು.

ಕಾಫಿಯ ಈ ಅನ್ವೇಷಣೆಗೆ ಸಾಂಸ್ಥಿಕ ರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯನು ಕೆನಡಾ ದೇಶದವನಾದ ಡಾ. ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿನಲ್ಲಿ ರೂಢಿಗೆ ತಂದ ಈ ವಿಜ್ಞಾನಿಯ ಪ್ರೇರಣೆಯಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕ್ಷೇತ್ರವು ಸ್ಥಾಪಿತವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದರದೇ ವಿಸ್ತಾರ. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್. 795 ಎಂಬ ತಳಿಯ ವಂಶವೃಕ್ಷವನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅದರ ಮಾತಾಪಿತೃಗಳಲ್ಲಿ ಒಂದು, ಸಂಸ್ಥೆಯು ವರ್ಷಾನುಗಟ್ಟಲೆ ಆಯ್ದು ಬೆಳೆಸಿದ ಎಸ್. 288; ಮತ್ತೊಂದು, ಕೆಂಟ್ ಎಂಬ ತೋಟಗಾರನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ತನ್ನ ತೋಟದಲ್ಲಿಯೇ ಕಣ್ಣಿಟ್ಟು ಗುರುತಿಸಿದ ಗಿಡದ ಸಂತತಿ. ವಿಜ್ಞಾನಿಯ ಪ್ರಯೋಗವೂ ತೋಟಗಾರನ ಅವಲೋಕನವೂ ಸೇರಿ ಹುಟ್ಟಿದ ಈ ತಳಿಯು ಇಂದಿಗೂ ಅರೇಬಿಕಾ ತೋಟಗಳಲ್ಲಿ ವಿಶೇಷವಾಗಿ ಕಾಣಸಿಗುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದ ಕಾಲದಲ್ಲಿ ಕಾಲೇಜು ವಿದ್ಯಾರ್ಥಿಯೆಂಬವನು ಈ ಬೆಟ್ಟಗಳಲ್ಲಿ ಇರಲೇ ಇಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೂ, ಆಗ ಕಡೂರು ಜಿಲ್ಲೆಯೆನಿಸಿದ್ದ ಈ ಭಾಗದ ತರುಣರು ಉಚ್ಚ ವಿದ್ಯೆಗಾಗಿ ಬೆಟ್ಟವನ್ನಿಳಿದು ಮೈಸೂರು, ಬೆಂಗಳೂರುಗಳಿಗೆ ಹೋಗಬೇಕಾಗಿದ್ದಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರೂ ಹಾಗೆಯೇ ಮಹಾರಾಜಾ ಕಾಲೇಜನ್ನು ಸೇರಿದವರು. ಎ. ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ ಕಟ್ಟಿದ ಕರ್ಣಾಟಕ ಸಂಘದಲ್ಲಿಯೂ, ಅದರ ಮಾದರಿಯಲ್ಲಿ ಇತರೆಡೆ ಎದ್ದ ಸಂಘಗಳಲ್ಲಿಯೂ ವಿಜ್ಞಾನ, ಇತಿಹಾಸ, ಸಾಹಿತ್ಯಗಳ ವಿದ್ಯಾರ್ಥಿಗಳು ಏಕತ್ರ ಸೇರಿ, ತಾವು ಬರೆದುದನ್ನು ಒಬ್ಬರಿಗೊಬ್ಬರು ಓದಿ ಹೇಳಿ ತಿದ್ದಿಕೊಳ್ಳುತ್ತಿದ್ದರು. ಕನ್ನಡದ ನವೋದಯವು ಅಧ್ಯಾಪಕರ ವ್ಯಾಸಪೀಠಕ್ಕೆ ಎಷ್ಟು ಋಣಿಯೋ, ಸಹಪಾಠಿಗಳ ಈ ಸಂಜೆಯ ಕೂಟಗಳಿಗೂ ಅಷ್ಟೇ ಋಣಿಯೆನ್ನಬೇಕು.

ಬೆಟ್ಟಕ್ಕೆ ಕಾಲೇಜು ಬಂದುದು ಸ್ವಾತಂತ್ರ್ಯಾನಂತರ. ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಸರ್ಕಾರಿ ಕಾಲೇಜು ಮುಂತಾದ ಪ್ರಥಮ ದರ್ಜೆ ಕಾಲೇಜುಗಳು, 1980ರ ಆದಿಚುಂಚನಗಿರಿ ತಾಂತ್ರಿಕ ವಿದ್ಯಾಲಯ, 1987ರಲ್ಲಿ ಶಂಕರಘಟ್ಟದಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯ, 1990ರ ದಶಕದಲ್ಲಿ ಬೇರುಬಿಟ್ಟ ಮೂಡಿಗೆರೆಯ ತೋಟಗಾರಿಕಾ ಮಹಾವಿದ್ಯಾಲಯ, ಹೀಗೆ ಒಂದರ ಬೆನ್ನಿಗೆ ಒಂದು ಬಂದುವು. ಇದೇ ಅವಧಿಯಲ್ಲಿ ಪದವಿ ವಿದ್ಯಾರ್ಥಿಯ ಸಂಶೋಧನೆಯೆಂಬ ಕಲ್ಪನೆ ಹೊರಜಗತ್ತಿನಲ್ಲಿಯೂ ಆಕಾರಗೊಳ್ಳುತ್ತಿದ್ದಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಮಾರ್ಗರೆಟ್ ಮೆಕ್‌ವಿಕರ್ 1969ರಲ್ಲಿ ಅದಕ್ಕೆಂದೇ ಒಂದು ಯೋಜನೆಯನ್ನು ಪ್ರಾರಂಭಿಸಿದರು. ನಮ್ಮಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನೆಲೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ, ಅಂತಿಮ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ಥಳೀಯ ಸಮಸ್ಯೆಗಳನ್ನು ಎತ್ತಿಕೊಂಡು ಮಾಡುವ ಪ್ರಾಜೆಕ್ಟುಗಳಿಗೆ ಧನಸಹಾಯ ಮಾಡುತ್ತ ಬಂದಿದೆ. 1990ರ ದಶಕದಲ್ಲಿ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದುದ್ದಕ್ಕೂ ಇರುವ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿ, ಅವರವರ ಊರಿನ ಗಿಡ, ಹಕ್ಕಿ, ಚಿಟ್ಟೆಗಳನ್ನು ಅವರಿಂದಲೇ ಎಣಿಸಿ ದಾಖಲೆ ಮಾಡಿಸುವ ಜಾಲವೊಂದನ್ನು ಹೆಣೆದರು. ದೂರದ ರಾಜಧಾನಿಯ ಪ್ರಯೋಗಾಲಯವು ಮಾಡಲಾರದ ಕೆಲಸವನ್ನು ಘಟ್ಟದ ಸಣ್ಣ ಕಾಲೇಜು ಮಾಡಬಲ್ಲುದೆಂಬ ನಂಬಿಕೆಯೇ ಅದರ ಮೂಲ.

ಮೂಡಿಗೆರೆಯಲ್ಲಿ ಈ ನಂಬಿಕೆ ಅಪರಿಚಿತವಾಗಿರಲಿಲ್ಲ. ಕನ್ನಡದಲ್ಲಿ ಎಂ.ಎ. ಮಾಡಿ, ಕಾಫಿ ಬೆಳೆಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ, ಕೀಟಗಳ ವಿಷಯವಾಗಿ ಬರೆಯುತ್ತ ಅಲ್ಲಿಯೇ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ವಿಜ್ಞಾನಿಯೂ, ಜೇನು ಕೀಳುವ ಮಂದಣ್ಣನೂ, ತೋಟದ ಯಜಮಾನನೂ ಹಾರುವ ಓತಿಯ ಜಾಡಿನಲ್ಲಿ ಒಂದೇ ತಂಡವಾಗಿ ಕಾಡನ್ನು ಹೊಗುತ್ತಾರೆ. ಇವರಲ್ಲಿ ಯಾರು ಗುರು, ಯಾರು ಶಿಷ್ಯ ಎಂಬುದು ಕಾಡಿನೊಳಗೆ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ತೋಟಗಾರಿಕಾ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಅಂತಿಮ ವರ್ಷದಲ್ಲಿ ಕೈಗೊಳ್ಳುವ ಗ್ರಾಮೀಣ ಕಾರ್ಯಾನುಭವದಲ್ಲಿಯೂ ಇದರ ಛಾಯೆಯನ್ನು ಕಾಣಬಹುದು. ತಂಡ ತಂಡವಾಗಿ ಹಳ್ಳಿಯಲ್ಲಿ ನೆಲೆಸಿ, ರೈತರನ್ನು ಕೂಡಿಸಿ, ರಂಗೋಲಿ ಪುಡಿಯಿಂದ ನೆಲದ ಮೇಲೆ ಊರಿನ ನಕ್ಷೆಯನ್ನು ಬಿಡಿಸುತ್ತಾರೆ. ಹಳ್ಳ ಎಲ್ಲಿ, ಗದ್ದೆ ಎಲ್ಲಿ, ಮೆಣಸಿನ ಬಳ್ಳಿಗೆ ಸೊರಗುರೋಗ ತಗುಲಿದ ತೋಟವೆಲ್ಲಿ ಎಂಬುದನ್ನು ಊರಿನವರೇ ತೋರಿಸಿ ತಿದ್ದುತ್ತಾರೆ. ಕೀಟಶಾಸ್ತ್ರದಲ್ಲಿ ಚುರುಕಾದವನು ಮಣ್ಣಿನ ಪರೀಕ್ಷೆ ಬಲ್ಲವಳಿಂದ ಕಲಿಯುತ್ತಾನೆ. ಕೊಯ್ಲಿನ ಕೂಲಿ, ಸಾಲದ ಬಡ್ಡಿಗಳ ಲೆಕ್ಕಕ್ಕೆ ಬಂದಾಗ ಇಬ್ಬರೂ ಅರ್ಥಶಾಸ್ತ್ರ ಬಲ್ಲವನ ಮುಖವನ್ನು ನೋಡಬೇಕಾಗುತ್ತದೆ.

ಈ ಇತಿಹಾಸವು ನಮಗೆ ತೋರಿಸಿಕೊಡುವ ಮುಖ್ಯವಾದ ಅಂಶವೊಂದಿದೆ. ಅರೇಬಿಕಾ ಸಸಿಯು ನೆಟ್ಟ ಮೇಲೆ ಮೊದಲ ಫಸಲು ಕಾಣಲು ಮೂರು ನಾಲ್ಕು ವರ್ಷಗಳು ಹಿಡಿಯುತ್ತವೆ. ಅದರ ಗುಣದೋಷಗಳನ್ನು ನಿಶ್ಚಯಿಸಲು ಇನ್ನೂ ಹಲವು ಕೊಯ್ಲುಗಳು ಬೇಕು. ಬಿ.ಎಸ್ಸಿ. ವಿದ್ಯಾರ್ಥಿಯಾದರೋ ಮೂರು ವರ್ಷಗಳಲ್ಲಿ ಊರು ಬಿಟ್ಟು ಹೊರಟುಹೋಗುತ್ತಾನೆ. ಆದಕಾರಣ ಈ ಸೀಮೆಯಲ್ಲಿ ಕೇಳತಕ್ಕ ಯಾವ ಮಹತ್ತ್ವದ ಪ್ರಶ್ನೆಯೂ ಒಬ್ಬನೇ ವಿದ್ಯಾರ್ಥಿಯ ಅವಧಿಯೊಳಗೆ ಮುಗಿಯತಕ್ಕದ್ದಲ್ಲ. ಕಾಡುಮರದ ನೆರಳನ್ನು ತೆಗೆದು ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಹಕ್ಕಿಗಳೆಷ್ಟು ಉಳಿದುವೆಂಬುದನ್ನಾಗಲಿ, ಹೂಮಳೆಯು ವರ್ಷದಿಂದ ವರ್ಷಕ್ಕೆ ಹೇಗೆ ಹಿಂದುಮುಂದಾಯಿತೆಂಬುದನ್ನಾಗಲಿ ಅರಿಯಬೇಕಾದರೆ, ಒಬ್ಬನು ಬರೆದಿಟ್ಟುದನ್ನು ಮತ್ತೊಬ್ಬಳು ಮುಂದುವರಿಸಲೇಬೇಕು. ಬಾಳೆಹೊನ್ನೂರಿನ ತಳಿಗಳು ಸಿದ್ಧಿಸಿದುದು ಅಧಿಕಾರಿಗಳು ಬದಲಾದರೂ ಗಿಡದ ದಾಖಲೆ ಬದಲಾಗದೆ ಉಳಿದುದರಿಂದ. ಕಾಲೇಜಿನಲ್ಲಿ ಅಂತಹ ದಾಖಲೆಯನ್ನು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಒಯ್ಯುವವನು ಸೀನಿಯರ್ ಎನಿಸಿದ ವಿದ್ಯಾರ್ಥಿಯೇ. ಹೀಗಾಗಿ ಸಂಶೋಧನೆಯೂ ಕಿರಿಯರಿಗೆ ನೀಡುವ ಮಾರ್ಗದರ್ಶನವೂ ಎರಡು ಪ್ರತ್ಯೇಕ ಪುಣ್ಯಕಾರ್ಯಗಳೆಂದು ಭಾವಿಸಲಾಗದು. ಎರಡನೆಯದಿಲ್ಲದೆ ಮೊದಲನೆಯದು ಪ್ರತಿವರ್ಷವೂ ಓನಾಮದಿಂದಲೇ ಆರಂಭವಾಗತಕ್ಕದ್ದು.

ಕಾನೂನು ಈ ಸಂಗತಿಯನ್ನು ಅರ್ಧ ಮಾತ್ರ ಗ್ರಹಿಸಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು ಇತರ ರಾಜ್ಯಗಳಿಗಿಂತ ಮೊದಲೇ, 2021–22ರಲ್ಲಿ, ಅಂಗೀಕರಿಸಿತು; ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಮಾಡಬಹುದಾದ ಆನರ್ಸ್ ಪದವಿ ಪ್ರಾಪ್ತವಾಯಿತು; ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡ 75 ಅಂಕಗಳನ್ನು ಪಡೆದವರಿಗೆ ಮಾತ್ರ ಆ ಅವಕಾಶವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರಲ್ಲಿ ವಿಧಿಸಿತು. 2024ರಲ್ಲಿ ರಾಜ್ಯವು ಮರಳಿ ಮೂರು ವರ್ಷಗಳ ಪದವಿಗೇ ಬಂದಿತು. ಈ ಗತಾಗತದ ರಾಜಕೀಯ ಇಲ್ಲಿ ಪ್ರಸ್ತುತವಲ್ಲ. ಅಂಕಗಳ ಮಟ್ಟದಿಂದ ಸಂಶೋಧಕನನ್ನು ಆರಿಸಿದ ಆ ನಿಯಮವು ಅವನು ತನ್ನ ಕೆಲಸವನ್ನು ಯಾರ ಕೈಗೆ ಒಪ್ಪಿಸಬೇಕೆಂಬುದನ್ನು ಹೇಳಲಿಲ್ಲವೆಂಬುದಷ್ಟೇ ಪ್ರಸ್ತುತ. ಇತ್ತ, ತೋಟದ ಕೂಲಿಕಾರರ ಲೈನ್ ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದ ಹುಡುಗಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿ, ಗ್ರಂಥಾಲಯದ ಕಪಾಟನ್ನು ತೋರಿಸಿ, ಪ್ರಾಜೆಕ್ಟಿನ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆಯುವುದು ಹೇಗೆಂದು ಕಲಿಸುವ ಹಿರಿಯ ವಿದ್ಯಾರ್ಥಿನಿಯ ಶ್ರಮವು ಯಾವ ಅಂಕಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ.

ದಾಖಲಾಗಬೇಕಾದರೆ ಮಾಡಬೇಕಾದುದು ಬಹಳವಿಲ್ಲ. ಪ್ರಾಜೆಕ್ಟು ವರದಿಯನ್ನು ಅಂಕ ಕೊಟ್ಟ ಮೇಲೆ ಕಟ್ಟಿ ಮೂಲೆಗೆ ಹಾಕದೆ ಗ್ರಂಥಾಲಯದಲ್ಲಿ ವಿಷಯಾನುಕ್ರಮದಿಂದ ಇಡುವುದು. ಹೊಸ ತಂಡವು ಹಳೆಯ ವರದಿಯೊಂದನ್ನು ಓದಿ, ಅದನ್ನು ಬರೆದವರನ್ನು ಕಂಡು ಮಾತನಾಡಿದ ಮೇಲೆಯೇ ತನ್ನ ಪ್ರಶ್ನೆಯನ್ನು ಗೊತ್ತುಮಾಡುವುದು. ಸಸ್ಯಶಾಸ್ತ್ರದವರ ವರದಿಯನ್ನು ಇತಿಹಾಸದವರೂ ವಾಣಿಜ್ಯದವರೂ ಓದುವಂತೆ ಒಂದು ಸಂಜೆಯನ್ನು ಮೀಸಲಿಡುವುದು. ಇವುಗಳಿಗೆ ಹೊಸ ಕಟ್ಟಡ ಬೇಡ, ಹೊಸ ಕಾನೂನೂ ಬೇಡ. ಪಾಠ ಹೇಳುವವರಲ್ಲಿ ಅನೇಕರು ಅತಿಥಿ ಉಪನ್ಯಾಸಕರಾಗಿ ವರ್ಷಕ್ಕೊಂದು ಕಾಲೇಜಿಗೆ ಹೋಗಬೇಕಾಗಿರುವ ಈ ದಿನಗಳಲ್ಲಿ, ಕಳಸದಂತಹ ಊರಿನ ಕಾಲೇಜೊಂದಕ್ಕೆ ತನ್ನದೇ ಆದ ಸ್ಮರಣೆ ಉಳಿಯಬೇಕಾದರೆ ಅದು ವಿದ್ಯಾರ್ಥಿಗಳ ಪರಂಪರೆಯಲ್ಲಿಯೇ ಉಳಿಯಬೇಕಾಗಿದೆ. ಆ ಪರಂಪರೆಯನ್ನು ಕಾಪಾಡುವ ಹೊಣೆಯನ್ನು ಅವರಿಗೆ ವಹಿಸಿಕೊಡುವುದು ಅಧ್ಯಾಪಕವರ್ಗದ ಮೊದಲ ಕರ್ತವ್ಯ.